ಮೂರನೇ ಮಹಡಿಗೆ ಒಂದು ದಿನ ನೀರು ಬೀಳಲಿಲ್ಲ

ಇನ್ನೊಬ್ಬರು ಕಟ್ಟಡ ಕಟ್ಟುವುದನ್ನು ನೋಡುತ್ತ ನಿಲ್ಲುವಷ್ಟು ಸುಖದ ಕೆಲಸ ಮತ್ತೊಂದಿಲ್ಲ. ಬೆವರು ಅವರದು, ಅಭಿಪ್ರಾಯ ನಮ್ಮದು. ಮರಳಿನಲ್ಲಿ ಮಣ್ಣು ಹೆಚ್ಚಾಯಿತು, ಇಟ್ಟಿಗೆ ಸರಿಯಾಗಿ ಬೆಂದಿಲ್ಲ, ಆ ಕಂಬ ಸ್ವಲ್ಪ ಎಡಕ್ಕೆ ವಾಲಿದೆ ಎಂದು ಹೇಳುವುದಕ್ಕೆ ಯಾವ ಪದವಿಯೂ ಬೇಕಿಲ್ಲ; ಸಂಜೆ ಬಿಡುವಿದ್ದರೆ ಸಾಕು. ನನಗಂತೂ ಇದು ವೃತ್ತಿಯೇ. ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಬೇರೆಯವರು ಮಾಡಿದ ಬಿಡಿಭಾಗಗಳನ್ನು ಕೈಯಲ್ಲಿ ಹಿಡಿದು, ಕನ್ನಡಕ ಮೇಲೇರಿಸಿ, ತಲೆಯಾಡಿಸಿ ಪಕ್ಕಕ್ಕಿಡುತ್ತ ಬಂದವನು ನಾನು. ನನ್ನ ಹೆಂಡತಿ ವಿಮಲಾ ಮಾಡಿದ ಸಾರಿನಲ್ಲೂ ಎರಡು ದೋಷ ತೋರಿಸದೆ ಊಟಕ್ಕೆ ಕೂತದ್ದಿಲ್ಲ. ಇಂಥವನ ಮನೆಯೆದುರೇ ಐದು ಮಹಡಿಯ ಅಪಾರ್ಟ್‌ಮೆಂಟ್ ಏಳತೊಡಗಿದರೆ ಏನಾಗಬಹುದೋ ಅದೇ ಆಯಿತು.

ನಮ್ಮ ಕುಷಾಯಿಗೂಡದಲ್ಲಿ ಆಗೆಲ್ಲ ಒಂದೇ ಅಂತಸ್ತಿನ ಮನೆಗಳು. ಸಾಫ್ಟ್‌ವೇರ್ ಕಂಪನಿಗಳು ಎದ್ದದ್ದು ಗಚ್ಚಿಬೌಲಿ ಕಡೆ, ಹೈದರಾಬಾದಿನ ಆ ತುದಿಗೆ; ನಾವಿದ್ದದ್ದು ಈ ತುದಿಗೆ. ಆ ಗಾಳಿ ಇಲ್ಲಿಯವರೆಗೆ ಬೀಸಲಾರದು ಎಂದು ನಂಬಿಕೊಂಡಿದ್ದೆವು. ಅಷ್ಟರಲ್ಲಿ ಎದುರು ಮನೆಯವರು ಜಾಗವನ್ನು ಬಿಲ್ಡರ್‌ಗೆ ಕೊಟ್ಟರು. ಅವರ ಅಂಗಳದ ಪೇರಲ ಗಿಡವನ್ನು ಒಂದೇ ಬೆಳಿಗ್ಗೆ ಕಡಿದು ಹಾಕಿದರು, ಮರುವಾರ ಮನೆಯನ್ನೂ ಕೆಡವಿದರು. ಬೀದಿಯವರೆಲ್ಲ ನಿಂತು ಅಯ್ಯೋ ಪಾಪ ಎಂದೆವು. ಪಾಯ ತೋಡಲು ಶುರು ಮಾಡಿದ ದಿನ ಅದೇ ಜಾಗದಲ್ಲಿ ನಿಂತು, ಆಳ ಸಾಲದು ಎಂದೆವು.

ಪಕ್ಕದಲ್ಲೇ ಖಾಜಾಭಾಯಿಯ ಕಿರಾಣಿ ಅಂಗಡಿ. ಕಾರ್ಖಾನೆಯ ಬಸ್ಸಿನಿಂದ ಇಳಿದ ನಾನು, ರಿಟೈರಾದ ಬ್ಯಾಂಕ್ ಮ್ಯಾನೇಜರ್ ರಾವ್‌ಗಾರು, ತಕ್ಕಡಿ ಬಿಟ್ಟು ಹೊರಗೆ ಬಂದ ಖಾಜಾಭಾಯಿ, ಮೂವರೂ ಅಂಗಡಿಯ ತಗಡಿನ ಕೆಳಗೆ ಸೇರಿ ಆ ದಿನದ ಕೆಲಸವನ್ನು ವಿಚಾರಣೆಗೆ ತೆಗೆದುಕೊಳ್ಳುತ್ತಿದ್ದೆವು. ಮೂವರಲ್ಲಿ ರಾವ್‌ಗಾರು ಹೇಳಿದ್ದೇ ಕೊನೆಯ ಮಾತು. ಯಾಕೆಂದರೆ ಮೂರನೇ ಮಹಡಿಯ ಒಂದು ಫ್ಲ್ಯಾಟನ್ನು ಅವರು ಬುಕ್ ಮಾಡಿದ್ದರು. ನಾವಿಬ್ಬರೂ ಬರೀ ಪ್ರೇಕ್ಷಕರು.

ಆದರೆ ನನ್ನ ಹತ್ತಿರ ಅವರಿಬ್ಬರಲ್ಲಿ ಇಲ್ಲದ್ದೊಂದು ಇತ್ತು. ಅದನ್ನು ಹೇಳುವ ಮೊದಲು ನಾನು ನಾಚಿಕೊಳ್ಳಬೇಕಾದ ಸಂಗತಿಯೊಂದನ್ನು ಹೇಳಿಬಿಡುತ್ತೇನೆ. ನಾನು ರಾಯಚೂರಿನವನು. ಮನೆಯೊಳಗೆ ನಮ್ಮದು ಕನ್ನಡವೇ. ಹೊಸ್ತಿಲು ದಾಟಿದರೆ ತೆಲುಗು, ಇಲ್ಲವೇ ಹಿಂದಿ. ಇದಕ್ಕೆ ಕಾರಣ ಏನೆಂದು ಊರಿನ ನೆಂಟರು ಯಾರಾದರೂ ಕೇಳಿದರೆ ಕಾಚಿಗೂಡ ಸ್ಟೇಷನ್ನಿನ ಕಥೆ ಹೇಳುತ್ತಿದ್ದೆ. ಹೊಸದಾಗಿ ಬಂದಾಗ ಅಲ್ಲಿ ಒಬ್ಬ ಮುದುಕನಿಗೆ ಕನ್ನಡದಲ್ಲಿ ಪ್ಲ್ಯಾಟ್‌ಫಾರ್ಮ್ ತೋರಿಸಿದೆ. ಅವನು ತನ್ನ ಗಂಟು ನನ್ನ ತಲೆಗೆ ಹೊರಿಸಿ, ಇಬ್ಬರು ಸೊಸೆಯಂದಿರನ್ನೂ ಒಂದು ಕೊಡ ಉಪ್ಪಿನಕಾಯಿಯನ್ನೂ ನನಗೆ ಒಪ್ಪಿಸಿ ಚಹಾ ಕುಡಿಯಲು ಹೋದ. ಅವನು ಬರುವಷ್ಟರಲ್ಲಿ ನನ್ನ ರೈಲು ಹೋಗಿತ್ತು. ಅಂದಿನಿಂದ ಕನ್ನಡವನ್ನು ಬೀದಿಗೆ ತರುವುದಿಲ್ಲ ಎಂದು ಆಣೆ ಮಾಡಿದೆ ಎಂದರೆ ಕೇಳಿದವರು ನಗುತ್ತಿದ್ದರು. ನಿಜವಾದ ಕಾರಣದಲ್ಲಿ ನಗುವಂಥದ್ದೇನಿಲ್ಲ. ಈ ಊರಿನ ಬೀದಿಯಲ್ಲಿ ಕನ್ನಡ ಕೇಳಿಬರುತ್ತಿದ್ದದ್ದು ಹೆಚ್ಚಾಗಿ ಗಾರೆ ಕಲಸುವವರ ಬಾಯಲ್ಲಿ. ಆಫೀಸರ್ ಆದವನು ಆ ಸಾಲಿಗೆ ಸೇರಿದವನೆಂದು ಯಾರಾದರೂ ತಿಳಿದಾರು ಎಂಬ ಸಣ್ಣತನ ನನ್ನದು.

ಎದುರಿನ ಕಟ್ಟಡಕ್ಕೆ ಬಂದ ಭೀಮಣ್ಣ, ಸಾಬಮ್ಮ ಲಿಂಗಸುಗೂರು ಕಡೆಯವರು. ಅವನು ಸ್ಲ್ಯಾಬಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸಕ್ಕೆ, ಅವಳು ಸಿಮೆಂಟಿಗೆ ನೀರು ಹೊಡೆಯುವುದಕ್ಕೆ. ನಾಲ್ಕನೇ ಕ್ಲಾಸಿನ ಒಬ್ಬ ಮಗಳು, ರೇಣುಕಾ. ನಮ್ಮ ಗೇಟಿನಿಂದ ಹತ್ತೇ ಹೆಜ್ಜೆಗೆ ಅವರ ತಗಡಿನ ಶೆಡ್ಡು. ಮೊದಲ ದಿನ ಅವರ ಮಾತು ಕಿವಿಗೆ ಬಿದ್ದದ್ದೇ ವಿಮಲಾಳ ಮುಖ ಅರಳಿತು.

"ನಮ್ಮ ಕಡಿ ಮಂದಿ ರೀ. ಹೋಗಿ ಒಂದು ಮಾತು ಮಾತಾಡ್ಸಬಾರದೇನು?" ಎಂದಳು.

"ಇವತ್ತು ಮಾತಾಡ್ಸಿದ್ರ ನಾಳೆ ಬಾಗಲಿಗೆ ಬಂದು ನಿಲ್ತಾರ. ನೀನೂ ತೆಲುಗಿನಾಗ ಮಾತಾಡು," ಎಂದೆ.

ಪಾಪ, ಅವಳು ಹಾಗೇ ನಡೆದುಕೊಂಡಳು. ಸಾಬಮ್ಮ ಕುಡಿಯುವ ನೀರಿಗೆಂದು ಬಂದಾಗ ಒಂದು ಸ್ಟೀಲ್ ಕೊಡವನ್ನೇ ಕೊಟ್ಟು ಕಳಿಸಿದಳು, ತೆಲುಗಿನಲ್ಲಿ.

ನಾನು ಮಾತ್ರ ವರಾಂಡದಲ್ಲಿ ಪೇಪರ್ ಹಿಡಿದು ಕೂತು ಅವರ ಮಾತೆಲ್ಲ ಕೇಳುತ್ತಿದ್ದೆ. ಈ ಸಾಹೇಬನಿಗೆ ಒಂದಕ್ಷರವೂ ತಿಳಿಯದು ಎಂದು ಅವರು ಮನೆಮಾತನ್ನೆಲ್ಲ ಬಿಚ್ಚಿ ಆಡುತ್ತಾರೆ ಎಂಬುದು ನನ್ನ ಖುಷಿ. ಅದರಿಂದ ನನಗೆ ದೊಡ್ಡ ಲಾಭವೂ ಆಯಿತು. ಗುರುವಾರ ಸ್ಲ್ಯಾಬ್ ಹಾಕುತ್ತಾರೆ ಎಂದು ಭೀಮಣ್ಣ ಹೆಂಡತಿಗೆ ಹೇಳಿದರೆ, ನಾನು ಸಂಜೆ ಅಂಗಡಿಯ ಮುಂದೆ ಆಕಾಶ ನೋಡಿ, ಕಂಬ ನೋಡಿ, "ನನ್ನ ಲೆಕ್ಕದಲ್ಲಿ ಗುರುವಾರ ಸ್ಲ್ಯಾಬ್" ಎನ್ನುತ್ತಿದ್ದೆ. ಗುರುವಾರ ಬೆಳಿಗ್ಗೆ ಮಿಕ್ಸರ್ ಗುಡುಗುಟ್ಟಿದಾಗ ರಾವ್‌ಗಾರು ಬೆರಗಾಗಿ, "ಅದೆಲಾ ತೆಲುಸು ಸಾರ್ ಮೀಕು?" ಎಂದು, ಅದು ಹೇಗೆ ಗೊತ್ತಾಯಿತೆಂದು ಕೇಳಿದರೆ, "ಅನುಭವ" ಎನ್ನುತ್ತಿದ್ದೆ. "ಇಂಜನಿಯರ್ ಕೋ ಭೀ ಇತ್ತಾ ನಹೀ ಮಾಲೂಮ್", ಇಂಜನಿಯರಿಗೂ ಇಷ್ಟು ತಿಳಿಯದು, ಎಂದು ಖಾಜಾಭಾಯಿ ತಲೆದೂಗುತ್ತಿದ್ದ. ಮೂರು ತಿಂಗಳಲ್ಲಿ ಬೀದಿಗೆಲ್ಲ ಜ್ಯೋತಿಷಿಯಾದೆ. ಕಾರ್ಖಾನೆಯಲ್ಲಿ ಎರಡು ಸಲ ಪ್ರಮೋಷನ್ ತಪ್ಪಿದವನಿಗೆ ಈ ಮರ್ಯಾದೆ ಎಷ್ಟು ರುಚಿಸಿತೆಂದು ಹೇಳಬೇಕಿಲ್ಲ.

ಹೀಗೆ ಕೇಳುತ್ತಲೇ ಅವರ ಆಸೆಯೊಂದು ನನಗೆ ಗೊತ್ತಾಯಿತು. ಕಟ್ಟಡ ಮುಗಿದ ಮೇಲೆ ಅವರನ್ನೇ ವಾಚ್‌ಮನ್ ಆಗಿ ಇಟ್ಟುಕೊಳ್ಳುತ್ತೇನೆಂದು ಬಿಲ್ಡರ್ ಮಾತು ಕೊಟ್ಟಿದ್ದ. ಮೆಟ್ಟಿಲ ಕೆಳಗೆ ಒಂದು ಕೋಣೆ, ನಿಂತರೆ ಭೀಮಣ್ಣನ ತಲೆ ತಾಗುವಷ್ಟು ಎತ್ತರದ್ದು. ಅದಕ್ಕಿನ್ನೂ ಬಾಗಿಲಿರಲಿಲ್ಲ. ಸಾಬಮ್ಮ ಅದರೊಳಗೆ ನಿಂತು, "ಇಲ್ಲಿ ಒಲಿ, ಇಲ್ಲಿ ದೇವರು. ಈ ಗ್ವಾಡಿಗೆ ಒಂದು ಮೊಳಿ ಬಡದ್ರ ರೇಣುಕಾನ ಸಾಲಿ ಚೀಲಾ ತೂಗಹಾಕಬೌದು" ಎನ್ನುತ್ತಿದ್ದಳು. ಎಂಟು ವರ್ಷದಲ್ಲಿ ಎಷ್ಟು ಕಟ್ಟಡ ತಿರುಗಿದ್ದರೋ, ಅವಳಿಗೇ ಲೆಕ್ಕ ಸಿಗುತ್ತಿರಲಿಲ್ಲ. ಒಂದು ಕಟ್ಟಡ ಮುಗಿದರೆ ಮಗಳ ಒಂದು ಶಾಲೆ ಮುಗಿದಂತೆ. "ಈ ಸಾಲಿ ಒಂದು ಬಿಡಿಸಬಾರದು ನೋಡು" ಎಂದು ಅವಳು ಗಂಡನಿಗೆ ಹೇಳುವುದನ್ನು ಎಷ್ಟೋ ಸಲ ಕೇಳಿದೆ. ಕೇಳಿ ನನ್ನ ಕಣ್ಣೂ ಒದ್ದೆಯಾಗಿತ್ತು. ಎದ್ದು ಹೋಗಿ ಒಂದು ಒಳ್ಳೆಯ ಮಾತಾಡುವಷ್ಟು ಮಾತ್ರ ಒದ್ದೆಯಾಗಿರಲಿಲ್ಲ.

ಮೂರನೇ ಮಹಡಿಯ ಸ್ಲ್ಯಾಬ್ ಬಿತ್ತು. ಹೊಸ ಸ್ಲ್ಯಾಬಿನ ಮೇಲೆ ಗಾರೆಯಿಂದ ಸಣ್ಣ ಸಣ್ಣ ಕಟ್ಟೆ ಕಟ್ಟಿ, ಎರಡು ವಾರ ನೀರು ನಿಲ್ಲಿಸುತ್ತಾರೆ. ಸಿಮೆಂಟು ಗಟ್ಟಿಯಾಗಲು ಅದು ಬೇಕು. ದಿನಾ ನೀರು ತುಂಬಿಸುವುದು ಸಾಬಮ್ಮನ ಕೆಲಸ. ಒಂದು ಸಂಜೆ ಅವಳು ಗಂಡನಿಗೆ ಹೇಳುತ್ತಿದ್ದಳು: "ಇವತ್ತು ಮ್ಯಾಲೆ ನೀರು ಬಿಟ್ಟಿಲ್ಲ. ರೇಣುಕಾಗ ಜ್ವರ ಬಂದಾವಂತ ದವಾಖಾನಿಗೆ ಹೊತ್ಕೊಂಡು ಹೋಗಿದ್ನಿ. ಪಾಳಿ ಹಚ್ಚಿ ಬರೂದ್ರಾಗ ಹೊತ್ತು ಮುಣುಗಿತು. ಮೇಸ್ತ್ರಿ ಮುಂದ ಬಾಯಿ ಬಿಡಬ್ಯಾಡ."

ಒಂದು ದಿನ ನೀರು ತಪ್ಪಿದರೆ ಸ್ಲ್ಯಾಬಿಗೆ ಏನೂ ಆಗುವುದಿಲ್ಲ, ಹಿಂದಿನ ದಿನದ ನೀರು ಕಟ್ಟೆಯಲ್ಲಿ ಇದ್ದೇ ಇರುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮರುದಿನ ಸಂಜೆ ಅಂಗಡಿಯ ಮುಂದೆ ಹೇಳಲು ನನ್ನ ಹತ್ತಿರ ಬೇರೆ ಸುದ್ದಿ ಇರಲಿಲ್ಲ. ಖಾಜಾಭಾಯಿ, "ಕ್ಯಾ ಸಾಬ್, ಆಜ್ ಕುಚ್ ಬೋಲೇ ನಹೀ?" ಎಂದು ಬೇರೆ ಕೆಣಕಿದ. ನಾನು ಮೂರನೇ ಮಹಡಿಯನ್ನು ಗಂಭೀರವಾಗಿ ನೋಡಿ, "ಆ ಸ್ಲ್ಯಾಬಿಗೆ ಒಂದು ದಿನ ನೀರು ಬಿದ್ದಂತಿಲ್ಲ" ಎಂದುಬಿಟ್ಟೆ. ಇಲ್ಲಿಂದ ನೋಡಿ ಅದನ್ನೂ ಕಂಡುಹಿಡಿದೆನಲ್ಲ ಎಂದು ಇಬ್ಬರೂ ಮೂಗಿನ ಮೇಲೆ ಬೆರಳಿಟ್ಟರು. ಸಂತೋಷದಿಂದ ಮನೆಗೆ ಬಂದೆ.

ರಾವ್‌ಗಾರಿಗೆ ಆ ರಾತ್ರಿ ನಿದ್ದೆ ಬರಲಿಲ್ಲವಂತೆ. ಅವರ ತಲೆಯ ಮೇಲೆ ಬರಬೇಕಾದ ಸ್ಲ್ಯಾಬ್ ಅದು. ಬೆಳಿಗ್ಗೆಯೇ ಬಿಲ್ಡರ್ ಹತ್ತಿರ ಹೋದರು. ನನ್ನ ಬಾಯಲ್ಲಿ ಒಂದು ದಿನವಿದ್ದದ್ದು ಅವರ ಬಾಯಲ್ಲಿ ಮೂರು ದಿನವಾಯಿತು. ಬಿಲ್ಡರ್ ಅದನ್ನು ಮೇಸ್ತ್ರಿಗೆ ಹೇಳುವಾಗ ಒಂದು ವಾರವಾಗಿತ್ತು. ಫ್ಲ್ಯಾಟು ಕೊಂಡವರು ಹೆದರಿದರೆ ವ್ಯಾಪಾರ ಕೆಡುತ್ತದೆ. ಆದ್ದರಿಂದ ಎಲ್ಲರಿಗೂ ಕಾಣುವಂತೆ ಒಂದು ಶಿಕ್ಷೆ ಆಗಲೇಬೇಕು. ಭಾನುವಾರದೊಳಗೆ ಶೆಡ್ಡು ಖಾಲಿ ಮಾಡಿ ಎಂದು ಭೀಮಣ್ಣನಿಗೆ ಹೇಳಿದರು. ಮೆಟ್ಟಿಲ ಕೆಳಗಿನ ಕೋಣೆಯ ಮಾತು ಅಲ್ಲಿಗೆ ಮುಗಿಯಿತು.

ಈ ಸುದ್ದಿಯನ್ನು ನನಗೆ ತಂದವರು ರಾವ್‌ಗಾರೇ, ಪೂತರೇಕುಲು ಸಿಹಿಯ ಪೊಟ್ಟಣದೊಡನೆ. "ನಿಮ್ಮಿಂದ ನನ್ನ ಮನೆ ಉಳಿಯಿತು ಸಾರ್" ಎಂದು ತೆಲುಗಿನಲ್ಲಿ ಹೇಳಿ ಕೈ ಹಿಡಿದರು. ನಾನು ಸಿಹಿ ತಿಂದೆ. ಒಂದಲ್ಲ, ಎರಡು ತಿಂದೆ. ಬಾಯಿ ತುಂಬಿದ್ದಾಗ ಮಾತಾಡಬೇಕಾಗುವುದಿಲ್ಲ. ವಿಮಲಾ ಪೊಟ್ಟಣವನ್ನು ಮುಟ್ಟಲಿಲ್ಲ.

"ಹೋಗಿ ಬಿಲ್ಡರ್‌ಗೆ ಹೇಳ್ರಿ. ಒಂದೇ ದಿನಾ, ಕೂಸಿಗೆ ಜ್ವರ ಇತ್ತು ಅಂತ. ನಿಮಗ ಗೊತ್ತದ ಅಲ್ಲ?" ಎಂದಳು.

ಅದು ಶುಕ್ರವಾರ. ನಾನು ಹೋಗಬೇಕೆಂದೇ ಇದ್ದೆ. ಹೋಗಿ ಏನು ಹೇಳಬೇಕೆಂದು ಸ್ನಾನ ಮಾಡುವಾಗ ತೆಲುಗಿನಲ್ಲಿ ಎರಡು ಸಲ ಅಭ್ಯಾಸವನ್ನೂ ಮಾಡಿದೆ. ಆದರೆ ನಿಮಗೆ ಹೇಗೆ ಗೊತ್ತು ಎಂದು ಅವನು ಕೇಳಿದರೆ? ಅನುಭವ ಎನ್ನುವಂತಿಲ್ಲ. ಕದ್ದು ಕೇಳಿದ್ದು ಹೊರಬೀಳುತ್ತದೆ, ಮೂರು ತಿಂಗಳ ಜ್ಯೋತಿಷ್ಯವೆಲ್ಲ ಬೀದಿಪಾಲಾಗುತ್ತದೆ. ಶನಿವಾರ ಕಾರ್ಖಾನೆಯಲ್ಲಿ ಕೆಲಸ ಹೆಚ್ಚಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟೇನೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಸಾಮಾನು ಸಾಗಿಸಲು ಟಾಟಾ ಏಸ್ ಗಾಡಿ ಬಂತು. ಭೀಮಣ್ಣ ತಗಡು ಕಟ್ಟುತ್ತಿದ್ದ. ಸಾಬಮ್ಮ ತೊಳೆದ ಕೊಡವನ್ನು ಹಿಡಿದು ನಮ್ಮ ಗೇಟಿಗೆ ಬಂದಳು. ವಿಮಲಾ ಒಳಗಿದ್ದಳು, ನಾನೇ ಹೋಗಬೇಕಾಯಿತು. ತೆಲುಗಿನಲ್ಲಿ ಏನೋ ಹೇಳಲು ಬಾಯಿ ತೆರೆದವನು, ಅವಳ ಹಿಂದೆ ಶಾಲೆಯ ಚೀಲ ಹೆಗಲಿಗೇರಿಸಿ ನಿಂತಿದ್ದ ರೇಣುಕಾಳನ್ನು ನೋಡಿದೆ. ಭಾನುವಾರ ಶಾಲೆಯಿಲ್ಲ. ಸಾಮಾನಿನ ಜೊತೆ ಹಾಕಲು ಒಪ್ಪದೆ ಹೊತ್ತುಕೊಂಡಿದ್ದಳು. ನನ್ನ ಬಾಯಿಂದ ಕನ್ನಡ ಬಂತು.

"ಎಲ್ಲಿಗೆ ಹೊಂಟೀರಿ?"

ಅವಳು ಬೆಚ್ಚುತ್ತಾಳೆ, ಕಣ್ಣರಳಿಸುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಏನೂ ಅನಿಸಿದಂತಿರಲಿಲ್ಲ.

"ಗಚ್ಚಿಬೌಲಿ ಕಡೆ ರಿ. ಅಲ್ಲಿ ಭಾಳ ಕೆಲಸ ಐತಂತ. ಸಾಲಿದೊಂದು ನೋಡಬೇಕು."

"ನನಗ ಕನ್ನಡ ಬರ್ತದ ಅಂತ ನಿನಗ ಗೊತ್ತಿತ್ತೇನು?"

"ಬಂದ ವಾರದಾಗೇ ಗೊತ್ತಾಗೇತ್ರಿ. ದಿನಾ ಮುಂಜಾನೆ ನೀವು ಅಕ್ಕಾರ ಮ್ಯಾಲೆ ಸಿಟ್ಟು ಮಾಡ್ತೀರಲ್ರಿ, ನಮ್ಮ ಶೆಡ್ಡಿಗೆಲ್ಲಾ ಕೇಳತೈತಿ. ಪ್ರಮೋಷನ್ ಬರಲಿಲ್ಲಂತ ಒಂದಿನ ಭಾಳ ಒದರ್ಯಾಡಿದ್ರಿ. ರಾವ್ ಸಾಹೇಬ್ರಿಗೆ ಜಿಪುಣ ಅಂತಿದ್ರಿ." ಹೇಳುತ್ತ ಅವಳು ಸ್ವಲ್ಪ ನಕ್ಕಳು.

"ಮತ್ತ ಯಾಕ ಮಾತಾಡ್ಸಲಿಲ್ಲ?"

"ನೀವು ತೆಲುಗಿನಾಗೇ ಮಾತಾಡಿದ್ರಿ. ನಿಮಗ ಮನಸಿಲ್ಲೇನೋ ಅಂತ ಸುಮ್ಮನಾದ್ವಿ." ಕೊಡವನ್ನು ಕಟ್ಟೆಯ ಮೇಲಿಟ್ಟಳು. "ರಾವ್ ಸಾಹೇಬ್ರು ಒಂದಿನ ಕೇಳಿದ್ರು ರಿ, ಆ ಮನ್ಯಾಗ ದಿನಾ ಏನ್ ಜಗಳ, ನಿಮ್ಮ ಭಾಷೆ ಅಲ್ಲೇನು, ಏನಂತಾರ ಹೇಳು ಅಂತ. ಅವರ ಮಾತು ನಮಗ ತಿಳಿಯಂಗಿಲ್ರಿ ಅಂದ್ನಿ."

ನನ್ನಿಂದ ತಪ್ಪಾಯಿತು ಎನ್ನಬೇಕಿತ್ತು. "ನೀರಿನ ವಿಷಯ..." ಎಂದಷ್ಟೇ ಶುರು ಮಾಡಿದೆ. ಅವಳು ನನ್ನ ಮುಖ ನೋಡಿದಳು. ಎಲ್ಲ ಗೊತ್ತಿದ್ದ ನೋಟ ಅದು. "ಆತಲ್ರಿ, ಇರ್ಲಿ. ಅಕ್ಕಾರಿಗೆ ಹೇಳ್ರಿ," ಎಂದು ಮಗಳ ಕೈ ಹಿಡಿದು ಹೊರಟಳು. ಗಾಡಿ ತಿರುವು ದಾಟುವವರೆಗೂ ಕೊಡ ಹಿಡಿದು ಗೇಟಿನಲ್ಲೇ ನಿಂತಿದ್ದೆ.

ಕಟ್ಟಡ ಮುಗಿಯಿತು. ಒಂದೆರಡು ಫ್ಲ್ಯಾಟುಗಳಿಗೆ ಸಾಫ್ಟ್‌ವೇರ್ ಹುಡುಗರು ಬಂದರು. ಅವರ ಕ್ಯಾಬುಗಳು ಬೆಳಿಗ್ಗೆ ನಮ್ಮ ಗೇಟಿಗೆ ಅಡ್ಡ ನಿಲ್ಲುತ್ತವೆ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಈಗ ಶ್ರೀಕಾಕುಳಂ ಕಡೆಯ ವಾಚ್‌ಮನ್ ಇದ್ದಾನೆ. ರಾವ್‌ಗಾರು ಮೂರನೇ ಮಹಡಿಯಲ್ಲಿ ಸುಖವಾಗಿದ್ದಾರೆ, ಆಗಾಗ ಕಾಫಿಗೆ ಕರೆಯುತ್ತಾರೆ. ಹೋದಾಗಲೆಲ್ಲ ನನ್ನ ಕಣ್ಣು ಅವರ ಮನೆಯ ಛತ್ತಿನ ಮೇಲೆ. ಎಲ್ಲಾದರೂ ಒಂದು ಬಿರುಕು, ಕೂದಲೆಳೆಯಷ್ಟಾದರೂ ಸಿಕ್ಕೀತೇ ಎಂದು ಮೂಲೆ ಮೂಲೆ ಹುಡುಕುತ್ತೇನೆ. ಒಂದು ಸಿಕ್ಕಿದ್ದರೆ ನಾನು ಅಂದು ಆಡಿದ ಮಾತಿಗೆ ಒಂದು ಆಧಾರವಾದರೂ ಇರುತ್ತಿತ್ತು. ಎರಡು ಮಳೆಗಾಲ ಕಳೆದವು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಇಷ್ಟು ನಿರ್ದೋಷವಾದ ಕೆಲಸವನ್ನು ನಾನು ನೋಡಿಲ್ಲ.

ಮನೆಯಲ್ಲೀಗ ನಾನು ಮೆಲ್ಲಗೆ ಮಾತಾಡುತ್ತೇನೆ. ಮೊನ್ನೆ ಬೆಳಿಗ್ಗೆ ಅಂಗಿಯ ಇಸ್ತ್ರಿ ಸರಿಯಿಲ್ಲವೆಂದು ಸಿಟ್ಟು ಬಂತು. ಅದನ್ನೂ ಪಿಸುಮಾತಿನಲ್ಲೇ ಹೇಳಿದೆ. ವಿಮಲಾ ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗು ಹಾಕುತ್ತ, "ಜೋರಾಗೇ ಬೈರಿ. ಈಗ ನಮ್ಮ ಮಾತು ತಿಳಿಯೋವ್ರು ಎದುರಿಗೆ ಯಾರಿದ್ದಾರ?" ಎಂದಳು.

ನಾನು ಸುಕ್ಕು ಸುಕ್ಕಾದ ಅಂಗಿಯನ್ನೇ ಹಾಕಿಕೊಂಡು ಬಸ್ಸಿಗೆ ಹೊರಟೆ.