ಕಾಣದ ನೋವಿಗೆ ಸೀಟಿಲ್ಲ

ನೋವು ಮನುಷ್ಯನನ್ನು ಮಾಗಿಸುತ್ತದೆ, ಅವನಲ್ಲಿ ತಾಳ್ಮೆ, ಕರುಣೆ, ವೈರಾಗ್ಯಗಳನ್ನು ಬೆಳೆಸುತ್ತದೆ ಎಂದು ತಿಳಿದವರು ಹೇಳುತ್ತಾರೆ. ಹಾಗೆ ಹೇಳಿದವರಾರೂ ಬೆಳಗಿನ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ರಾಯಚೂರಿನಿಂದ ದೇವದುರ್ಗಕ್ಕೆ ಹೋದವರಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಾನು ಹೋಗಿದ್ದೇನೆ. ನನ್ನಲ್ಲಿ ಬೆಳೆದದ್ದು ಸಿಟ್ಟೊಂದೇ.

ನನ್ನ ಎಲುಬುಗಳ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಅವು ಹುಟ್ಟಿನಿಂದಲೇ ಗಟ್ಟಿಯಿಲ್ಲ. ಈ ಕಾಯಿಲೆಗೆ ಡಾಕ್ಟರರು ಇಟ್ಟ ಹೆಸರು ಎಷ್ಟು ಉದ್ದವೆಂದರೆ, ಅದನ್ನು ಪೂರ್ತಿ ಹೇಳಿ ಮುಗಿಸುವುದರೊಳಗೆ ನನ್ನಂಥವನ ದವಡೆಯೇ ಮುರಿದೀತು. ಸೀದಾ ಮಾತಿನಲ್ಲಿ ಹೇಳುವುದಾದರೆ, ಬೇರೆಯವರು ಎಡವಿದರೆ ‘ಅಯ್ಯೋ’ ಅನ್ನುತ್ತಾರೆ, ನಾನು ಎಡವಿದರೆ ಎಕ್ಸ್‌ರೇ ತೆಗೆಸುತ್ತಾರೆ. ಒಮ್ಮೆ ಹಾಸಿಗೆ ಸುತ್ತಿಡಲು ಹೋಗಿ ತೋಳು ಮುರಿದಿದೆ. ಒಮ್ಮೆ ಬಚ್ಚಲಮನೆಯ ಚಿಲಕದೊಡನೆ ಹಟಕ್ಕೆ ಬಿದ್ದು ಮುಂಗೈ ಮುರಿದಿದೆ. ಚಿಲಕಕ್ಕೆ ಏನೂ ಆಗಿಲ್ಲ. ಮುರಿದದ್ದು ಕೂಡುತ್ತದೆ, ಸುಳ್ಳಲ್ಲ. ಆದರೆ ಕೂಡಿದ ಎಲುಬು ಹಳೆಯದನ್ನು ಮರೆಯುವುದಿಲ್ಲ. ನಲವತ್ತು ದಾಟಿದ ಮೇಲಂತೂ ನನ್ನ ಬೆನ್ನು, ಸೊಂಟ, ತೊಡೆಗಳು ದಿನವೂ ಬೆಳಿಗ್ಗೆ ಸಭೆ ಸೇರುತ್ತವೆ. ಅವುಗಳ ಠರಾವು ಯಾವಾಗಲೂ ಒಂದೇ: ಏಳಕೂಡದು. ಅಧ್ಯಕ್ಷನಾದ ನಾನು ಠರಾವನ್ನು ತಳ್ಳಿಹಾಕಿ ಏಳುತ್ತೇನೆ. ಆಮೇಲೆ ದಿನವಿಡೀ ಸಭಾಸದರ ಪ್ರತಿಭಟನೆ.

ನೋವಿನ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. ಅದು ಮನೆಯ ಹಳೆಯ ಬಾಡಿಗೆದಾರ. ಬಿಡಿಸುವ ಆಸೆಯನ್ನು ಬಿಟ್ಟಿದ್ದೇನೆ. ನನ್ನ ತಕರಾರು ಇರುವುದು ನಮ್ಮ ಜನರ ಮೇಲೆ. ಮಾನ್ವಿಯಲ್ಲಿ ನಾನು ಹುಡುಗನಾಗಿದ್ದಾಗ, ನನ್ನ ತಂದೆ ಗುಡಿಯ ಅರ್ಚಕರು. ನನ್ನ ಕಾಲಿಗೆ ಪ್ಲಾಸ್ಟರ್ ಬಿತ್ತೆಂದರೆ ಇಡೀ ಓಣಿ ಮಾತಾಡಿಸಲು ಬರುತ್ತಿತ್ತು. ಬಂದವರೆಲ್ಲ ಕಲ್ಲಂಗಡಿ ಕೊಳ್ಳುವವರ ಹಾಗೆ ಪ್ಲಾಸ್ಟರನ್ನು ಬೆರಳಿನಿಂದ ತಟ್ಟಿ ನೋಡುವರು. ಕವಿತಾಳದ ಅತ್ತೆ ಡಬ್ಬಿ ತುಂಬ ಶೇಂಗಾ ಉಂಡಿ ತರುವಳು. ಪ್ಲಾಸ್ಟರ್ ಕತ್ತರಿಸಿದ ದಿನ ನನ್ನ ದರ್ಬಾರು ಮುಗಿಯುತ್ತಿತ್ತು. ಒಳಗಿನಿಂದ ಹೊರಬಂದದ್ದು ಒಣಗಿದ ಕಾಲು, ಮೊದಲಿಗಿಂತ ಇಮ್ಮಡಿ ನೋವು. ಅತ್ತೆ ಮಾತ್ರ “ಈಗ ಆರಾಮಾತಲ್ಲಪಾ” ಎಂದು ಖಾಲಿ ಡಬ್ಬಿ ಹಿಡಿದು ಬಸ್ಸು ಹತ್ತುವಳು. ನಮ್ಮ ಸೀಮೆಯ ಜನ ಮಾತಾಡಿಸಲು ಬರುವುದು ನೋವನ್ನಲ್ಲ, ಪ್ಲಾಸ್ಟರನ್ನು ಎಂಬುದು ನನಗೆ ಆಗಲೇ ಹೊಳೆಯಬೇಕಿತ್ತು.

ಈಗ ನಾನು ದೇವದುರ್ಗದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಹೆಂಡತಿ ಸುಧಾಳ ನೌಕರಿಯೂ ನನ್ನ ಡಾಕ್ಟರರೂ ರಾಯಚೂರಿನಲ್ಲಿರುವುದರಿಂದ ಮನೆಯೂ ಅಲ್ಲಿಯೇ. ಹೋದ ಮಳೆಗಾಲದಲ್ಲಿ ಹಿಂದಿನ ಸೀಟಿನಲ್ಲಿ ಕುಳಿತಿದ್ದೆ. ಬಸ್ಸು ಒಂದು ತಗ್ಗಿಗೆ ಇಳಿದು ಎದ್ದಿತು. ಬಸ್ಸಿನೊಂದಿಗೆ ನಾನೂ ಎದ್ದೆ, ಆದರೆ ಇಳಿಯುವಾಗ ನಾವಿಬ್ಬರೂ ಒಟ್ಟಿಗೆ ಇಳಿಯಲಿಲ್ಲ. ಬೆನ್ನೆಲುಬಿನ ಒಂದು ಮಣಿ ಕುಸಿಯಿತು. ಹಾಸಿಗೆಯಿಂದ ಎದ್ದ ಮೇಲೆ ಡಾಕ್ಟರು, “ಮುಂದಿನ ಸೀಟಿನ್ಯಾಗ ಕೂತು ಹೋಗ್ತೀರಿ ಅಂದ್ರ ಹೋಗ್ರಿ. ಇಲ್ಲಾಂದ್ರ ನೌಕರಿ ಬಿಡ್ರಿ,” ಎಂದರು. ಹೀಗಾಗಿ ಮುಂದಿನ ಸೀಟೆಂಬುದು ನನಗೆ ಸುಖದ ಮಾತಲ್ಲ, ಅನ್ನದ ಮಾತು.

ಆದರೆ ನಮ್ಮ ಕಡೆ ಬಸ್ಸಿನ ಸೀಟು ಕೂತವನದಲ್ಲ, ಟವೆಲ್ ಹಾಕಿದವನದು. ಬಸ್ಸು ಸ್ಟ್ಯಾಂಡಿಗೆ ಬರುತ್ತಿರುವಂತೆಯೇ ಜನ ಅದರ ಜೊತೆ ಓಡುತ್ತ ಕಿಟಕಿಯೊಳಗೆ ಟವೆಲ್, ಚೀಲ, ಊಟದ ಡಬ್ಬಿ, ಒಮ್ಮೊಮ್ಮೆ ಚಪ್ಪಲಿಯನ್ನೂ ಒಗೆಯುತ್ತಾರೆ. ಹೀಗೆ ಒಗೆದ ವಸ್ತುವನ್ನು ಸರಿಸಿ ಕೂಡುವ ಧೈರ್ಯ ಯಾವ ಗಂಡಸಿಗೂ ಇಲ್ಲ. ಈ ಕಾನೂನಿಗೆ ಅಪೀಲು ಇಲ್ಲ. ಓಡಿದರೆ ಕಾಲು, ಒಗೆದರೆ ಭುಜ ಹೋಗುವ ನನ್ನಂಥವನಿಗೆ ಉಳಿಯುವುದು ಕಿಟಕಿಯ ಮೇಲೆ ‘ಅಂಗವಿಕಲರಿಗೆ’ ಎಂದು ಬರೆದ ಮುಂದಿನ ಸೀಟು. ಅದರಲ್ಲಿ ದಿನವೂ ಒಬ್ಬ ತರುಣ ಕಿವಿಗೆ ವೈರು ಸಿಕ್ಕಿಸಿಕೊಂಡು ಕುಳಿತಿರುತ್ತಿದ್ದ.

“ತಮ್ಮಾ, ಆ ಸೀಟು ನನಗ ಬೇಕಿತ್ತು,” ಎಂದೆ ಒಂದು ದಿನ.

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ನಿಮಗೇನಾಗ್ಯದ್ರೀ ಸರ್? ಕೈಕಾಲು ಬರೋಬರಿ ಅವ ಅಲ್ರೀ.”

“ಎಲುಬು ಗಟ್ಟಿ ಇಲ್ಲಪಾ. ನೋವು ಭಾಳ ಅದ.”

“ನೋವು ಯಾರಿಗಿಲ್ರೀ ಸರ್?”

ನನ್ನ ಎಲುಬು ಮುರಿದ ಯಾವ ಪೆಟ್ಟಿಗಿಂತಲೂ ಈ ಮಾತು ನನಗೆ ಹೆಚ್ಚು ಪೆಟ್ಟು ಕೊಟ್ಟಿದೆ. ಹಸಿವು ಯಾರಿಗಿಲ್ಲ ಎಂದು ಹೇಳಿ ಪಂಕ್ತಿಯಲ್ಲಿ ಯಾರೂ ಪಕ್ಕದವನ ಎಲೆ ಎಳೆದುಕೊಳ್ಳುವುದಿಲ್ಲ. ಸಾವು ಯಾರಿಗಿಲ್ಲ ಎಂದು ಹೇಳಿ ಸತ್ತವರ ಮನೆಯಲ್ಲಿ ಯಾರೂ ಹೋಳಿಗೆ ಕೇಳುವುದಿಲ್ಲ. ನೋವಿನ ವಿಷಯಕ್ಕೆ ಬಂದಾಗ ಮಾತ್ರ ಪ್ರತಿಯೊಬ್ಬನೂ ತತ್ತ್ವಜ್ಞಾನಿ. ಅಷ್ಟರಲ್ಲಿ ಹಿಂದೆ ಕುಳಿತಿದ್ದ ಹೆಂಗಸೊಬ್ಬಳು ವೈದ್ಯಕ್ಕೆ ಕೈಹಾಕಿದಳು. “ಎಲುಬಿಗೆ ಎಲುಬೇ ಮದ್ದು ಯಪ್ಪಾ. ದಿನಾ ಕುರಿ ಕಾಲಿನ ಸೂಪ್ ಕುಡೀರಿ.”

“ನಾವು ತಿನ್ನಂಗಿಲ್ಲವ್ವಾ, ಆಚಾರ್ರ ಮಂದಿ.”

“ಹಂಗಾದ್ರ ಎಲುಬಿಗೆ ಯಾಕ ಬೈತೀರಿ?” ಎಂದಳು. ಬಸ್ಸಿಗೆ ಬಸ್ಸೇ ಅವಳ ಪರ. ನಾನು ದೇವದುರ್ಗದವರೆಗೆ ಕಂಬ ಹಿಡಿದು ನಿಂತೆ. ಅಂದು ತರಗತಿಯಲ್ಲಿ ರಾಯಚೂರು ಕೋಟೆಯ ಮುತ್ತಿಗೆಯನ್ನು ಕುಳಿತುಕೊಂಡೇ ಮುಗಿಸಿದೆ, ಯಾವ ಪಕ್ಷಕ್ಕೂ ಕರುಣೆ ತೋರಿಸದೆ.

ಸಂಜೆ ಮನೆಗೆ ಬಂದು ಸುಧಾಳ ಮುಂದೆ ನಾಡಿನ ನೈತಿಕ ಅಧಃಪತನದ ಕುರಿತು ದೀರ್ಘವಾಗಿ ಮಾತಾಡಿದೆ. ಅವಳು ಪಲ್ಯದ ಸೊಪ್ಪು ಬಿಡಿಸುತ್ತ ಕೇಳಿದಳು. ಕೊನೆಗೆ, “ಮಂದಿಗೆ ನಿಮ್ಮ ಬೆನ್ನಿನೊಳಗ ಹೊಕ್ಕು ನೋಡ್ಲಿಕ್ಕೆ ಬರ್ತದೇನ್ರೀ? ಕಣ್ಣಿಗೆ ಏನರೆ ಕಾಣಬೇಕು. ಅಟ್ಟದ ಮ್ಯಾಲೆ ಅಷ್ಟು ಪಟ್ಟಿ ಬಿದ್ದಾವ, ಒಂದು ಕೈಗೆ ಸುತ್ತಿಕೊಂಡು ಹೋಗ್ರಿ,” ಎಂದಳು.

“ಕೈಗೇನೂ ಆಗಿಲ್ಲಲ್ಲ. ಅದು ಮೋಸ.”

“ಬೆನ್ನಿಗಂತೂ ಆಗೇದಲ್ಲ. ಲೆಕ್ಕ ಒಂದೇ ಮೈಯಾಗ ಇರ್ತದ.”

ಮೂರು ದಿನ ನಾನು ಸತ್ಯದ ಪಕ್ಷದಲ್ಲಿ ನಿಂತೇ ಪ್ರಯಾಣ ಮಾಡಿದೆ. ನಾಲ್ಕನೆಯ ದಿನ ಸೊಂಟವು ಸತ್ಯದ ಪಕ್ಷವನ್ನು ತ್ಯಜಿಸಿತು. ಬಲಗೈಗೆ ಪಟ್ಟಿ ಸುತ್ತಿ, ಕೊರಳಿಗೆ ಜೋಳಿಗೆ ಕಟ್ಟಿ ಅದರೊಳಗೆ ಕೈಯನ್ನು ಮಲಗಿಸಿಕೊಂಡು ಹೊರಟೆ. ಪರಿಣಾಮವನ್ನು ವರ್ಣಿಸಲು ನನ್ನ ಶಕ್ತಿ ಸಾಲದು. ಜನ ದಾರಿ ಬಿಟ್ಟರು. ವೈರಿನ ತರುಣ ತಾನಾಗಿ ಎದ್ದು, “ಕೂಡ್ರಿ ಸರ್, ಪಾಪ, ಯಾವಾಗ ಆತ್ರೀ?” ಎಂದ. ಸೂಪಿನ ಹೆಂಗಸು ನನ್ನ ಚೀಲವನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಕಂಡಕ್ಟರ್ ಟಿಕೆಟನ್ನು ನನ್ನ ಅಂಗಿಯ ಜೇಬಿನಲ್ಲಿ ತಾನೇ ಇಟ್ಟ. ಏನೂ ಆಗದ ಕೈಗೆ ಇಷ್ಟು ಮರ್ಯಾದೆ! ಮುಂದಿನ ಸೀಟಿನಲ್ಲಿ ಕುಳಿತದ್ದರಿಂದ ಬೆನ್ನು ಮೊದಲ ಸಲ ಸುಮ್ಮನಿದ್ದರೂ ನನ್ನ ಸಿಟ್ಟು ಇಳಿಯಲಿಲ್ಲ, ಏರಿತು. ಆದರೆ ಸಿಟ್ಟಿಗಾಗಿ ಸೀಟು ಬಿಟ್ಟುಕೊಡುವಷ್ಟು ಹುಚ್ಚು ನನಗಿರಲಿಲ್ಲ. ಆ ವಾರವೆಲ್ಲ ಹಾಗೆಯೇ ಹೋದೆ.

ವಾರದ ಕೊನೆಯ ದಿನ ದೇವದುರ್ಗದಲ್ಲಿ ಇಳಿಯಲು ಬಾಗಿಲ ಬಳಿ ನಿಂತಿದ್ದೆ. ಕೆಳಗೆ ಭೀಮಣ್ಣನೆಂಬ ರೈತ ಮೊದಲೇ ಇಳಿದು ನಿಂತಿದ್ದ. ಎರಡು ಚೀಲ ಹತ್ತಿಯನ್ನು ಒಂದೇ ಹೆಗಲಿಗೆ ಏರಿಸಬಲ್ಲ ಆಳು. ಮನಸ್ಸು ಮಾತ್ರ ಬೆಣ್ಣೆ. “ನಿಲ್ರೀ ಸರ್, ನೀವು ಇಳಿಬ್ಯಾಡ್ರಿ. ಕೈಗೆ ಧಕ್ಕಿ ಆಗ್ತದ,” ಎಂದವನೇ, ಪಟ್ಟಿಯ ಕೈಗೆ ಕೂದಲೆಳೆಯಷ್ಟೂ ತಾಗದಂತೆ, ಎಡಗಡೆಯಿಂದ ನನ್ನನ್ನು ಅವುಚಿ ಎತ್ತಿದ. ಒಳಗೆ ಹಪ್ಪಳ ಮುರಿದಂತೆ ಸದ್ದಾಯಿತು. ನನ್ನ ಬಲಗೈ ಜೋಳಿಗೆಯಿಂದ ಹಾರಿ ಬಂದು ಬಾಗಿಲ ಕಂಬಿಯನ್ನು ಗಟ್ಟಿಯಾಗಿ ಹಿಡಿದು ಜೋತುಬಿತ್ತು.

ಕಂಡಕ್ಟರ್ ಕೈಯನ್ನು ನೋಡಿದ, ಆಮೇಲೆ ನನ್ನ ಮುಖ ನೋಡಿದ. “ಸರ್, ಕೈ ಭಾಳ ಜಲ್ದಿ ಚೊಲೋ ಆತಲ್ರೀ.”

ಭೀಮಣ್ಣ ಬೇರೆಯೇ ಅರ್ಥ ಮಾಡಿಕೊಂಡ. “ನಮ್ಮಪ್ಪ ಎಲುಬು ಕಟ್ತಿದ್ದ್ರೀ. ಆ ಕೈಗುಣ ನನಗೂ ಬಂದದ, ನೋಡ್ರಿ. ಬರೇ ಎತ್ತಿದ್ದಕ್ಕ ಕೈ ಕೂಡೇದ,” ಎಂದು ಸುತ್ತ ನಿಂತವರಿಗೆ ಸಾರಿದ.

“ಎಡಗಡಿ ಏನೋ ಮುರೀತು ಭೀಮಣ್ಣ,” ಎಂದೆ, ಉಸಿರು ಸಿಕ್ಕಷ್ಟು.

ಅವನು ನನ್ನ ಅಂಗಿಯ ಎಡಭಾಗವನ್ನು ಬಗ್ಗಿ ಪರೀಕ್ಷಿಸಿದ. “ಏನೂ ಕಾಣವಲ್ದು ಬಿಡ್ರಿ.”

“ಇದೂ ಹಂಗೇ ಬಿಡೋ,” ಎಂದ ಕಂಡಕ್ಟರ್. ಬಸ್ಸಿನೊಳಗೆ ನಗೆ ಎದ್ದಿತು. ವೈರಿನ ತರುಣ ಎಲ್ಲರಿಗಿಂತ ಜೋರಾಗಿ ನಕ್ಕ.

ಎಕ್ಸ್‌ರೇಯಲ್ಲಿ ಎಡಗಡೆಯ ಪಕ್ಕೆಲುಬುಗಳು ಮುರಿದದ್ದು ಕಂಡಿತು. ಪಕ್ಕೆಲುಬಿಗೆ ಪ್ಲಾಸ್ಟರ್ ಹಾಕುವುದಿಲ್ಲ. ರಜೆ ಮುಗಿಸಿ ಹೋದ ದಿನ ನಾನು ದೇವದುರ್ಗದವರೆಗೆ ನಿಂತುಕೊಂಡು ಹೋದೆ.