ಕಾಕಾ ತಂದ ಜಪಾನಿ ಬಾತುಕೋಳಿ

ನಮ್ಮ ಕಾಕಾ ಇಡೀ ಆಯುಷ್ಯದಲ್ಲಿ ಹೊಸದಾಗಿ ಕೊಂಡ ವಸ್ತು ಒಂದೇ ಒಂದು. ಅದು ಕಾಕುವಿನ ಕೊರಳಿನ ತಾಳಿ! ಅದನ್ನೂ ಸುಮ್ಮನೆ ಕೊಂಡಾರೆಯೇ? "ಯಾರರ ಬಳಸಿ ಬಿಟ್ಟದ್ದು ಛಲೋದೊಂದು ಇದ್ರ ತೋರಸ್ರಿ" ಎಂದು ಕೇಳಿದ್ದಕ್ಕೆ ಅಕ್ಕಸಾಲಿಗರು ಕೂತಲ್ಲಿಂದ ಎದ್ದು ನಿಂತು ಕೈಮುಗಿದರಂತೆ. ಇದು ನನ್ನ ಕಟ್ಟುಕತೆಯಲ್ಲ. ಮದುವೆ ಮನೆಗಳಲ್ಲಿ ಹೆಂಗಸರ ನಡುವೆ ಕೂತು ಸ್ವತಃ ಕಾಕುನೇ ಹೇಳಿ ನಗಿಸುತ್ತಿದ್ದ ಮಾತು. ಕಾಕಾ ಅಂದರೆ ನಮ್ಮಪ್ಪನ ತಮ್ಮ, ಕಾಕು ಅವರ ಹೆಂಡತಿ. ಹುಬ್ಬಳ್ಳಿಯ ಅವರ ಮನೆಯಲ್ಲಿ ಇದ್ದುಕೊಂಡೇ ನಾನು ಡಿಗ್ರಿ ಓದಿದ್ದು. ಹಾಗಾಗಿ ಮುಂದೆ ಹೇಳುವುದಕ್ಕೆಲ್ಲ ನಾನೇ ಕಣ್ಣಾರೆ ಕಂಡ ಸಾಕ್ಷಿ.

ಕಾಕಾ ಕಾಳುಕಡಿಯ ವ್ಯಾಪಾರಸ್ಥರು. ತೊಗರಿಯನ್ನು ಬೊಗಸೆಯಲ್ಲಿ ಹಿಡಿದು ನೋಡಿ ಇದು ಇಂಥ ಕಡೆಯ ಮಾಲು ಎಂದು ಹೇಳಬಲ್ಲವರು. ಮಾರ್ಕೆಟ್ಟಿನಲ್ಲಿ ಅವರಿಗೆ ಟೋಪಿ ಹಾಕಿದವರಿಲ್ಲ. ಅಂಥವರು ಹಳೆಯ ಸಾಮಾನು ಕಂಡ ಕೂಡಲೇ ಜಾತ್ರೆಗೆ ಬಂದ ಕೂಸಾಗಿಬಿಡುತ್ತಿದ್ದರು. ಪಡಸಾಲೆಯಲ್ಲಿ ದಂತವೈದ್ಯರೊಬ್ಬರು ಮಾರಿದ ಕುರ್ಚಿ ಇತ್ತು. ಬಂದ ಬೀಗರು ಅದರಲ್ಲಿ ಒರಗಿದರೆ ಸಾಕು, ತಾವಾಗಿಯೇ ಬಾಯಿ ತೆರೆಯುತ್ತಿದ್ದರು. ಹಿತ್ತಲ ಬಾಗಿಲ ಹತ್ತಿರ, ನಾಣ್ಯ ಹಾಕಿದರೆ ತೂಕದ ಜೊತೆಗೆ ಭವಿಷ್ಯವನ್ನೂ ಚೀಟಿಯಲ್ಲಿ ಕೊಡುವ ಯಂತ್ರವೊಂದು ನಿಂತಿತ್ತು. ಅದರ ಹೊಟ್ಟೆಯಲ್ಲಿ ಉಳಿದಿದ್ದದ್ದು ಒಂದೇ ಬಗೆಯ ಚೀಟಿ. ಹಾಗಾಗಿ ನಮ್ಮಲ್ಲಿ ಅದನ್ನು ಹತ್ತಿದವರಿಗೆಲ್ಲ, ಹಾಲು ತರುವ ಮುದುಕಿಯಿಂದ ಹಿಡಿದು ನನ್ನವರೆಗೆ, ಶೀಘ್ರದಲ್ಲೇ ವಿದೇಶ ಪ್ರಯಾಣದ ಯೋಗ!

ಕಾಕಾ ಸಾಮಾನು ತರುವುದು, ಕಾಕು ಬೈಯುವುದು. ಸಂಸಾರ ಈ ಎರಡು ಗಾಲಿಗಳ ಮೇಲೆ ಸುಸೂತ್ರವಾಗಿ ಓಡುತ್ತಿತ್ತು. ಕಾಕುವಿನ ಬೈಗುಳಕ್ಕೆ ಒಂದು ಶಿಸ್ತಿತ್ತು. ಮೊದಲು ತಂದ ಸಾಮಾನಿಗೆ, ಆಮೇಲೆ ಅದನ್ನು ಮಾರಿದವನ ಜಾಣತನಕ್ಕೊಂದು ಶಹಬ್ಬಾಸ್, ನಂತರ ಕಾಕಾನ ತಲೆಗೆ, ಅಲ್ಲಿಂದ ಅಂಥ ತಲೆಯನ್ನು ಹುಟ್ಟಿಸಿದ ಇಡೀ ಮನೆತನಕ್ಕೆ (ಅದರಲ್ಲಿ ನನ್ನ ಪಾಲೂ ಇರುತ್ತಿತ್ತು), ಕೊನೆಯಲ್ಲಿ "ಏಳ್ರಿ, ರೊಟ್ಟಿ ಆರಾಕತ್ತಾವ." ಕಾಕಾ ಇದನ್ನೆಲ್ಲ ಸಂಗೀತ ಕೇಳುವವರ ಹಾಗೆ ತಲೆದೂಗುತ್ತ ಕೇಳುತ್ತಿದ್ದರು. ನಡುವೆ ಏನಾದರೂ ಬಿಟ್ಟುಹೋದರೆ, "ನಮ್ಮಪ್ಪಗ ಇನ್ನೂ ಅಂದಿಲ್ಲ ನೀ" ಎಂದು ನೆನಪು ಮಾಡಿಕೊಡುತ್ತಿದ್ದರು.

ಅಂಥ ಕಾಕುವಿಗೆ ಒಂದು ಬೇಸಿಗೆಯಲ್ಲಿ ಲಕ್ವಾ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಕಾಲು ತಕ್ಕಮಟ್ಟಿಗೆ ಆಡುತ್ತಿತ್ತು, ಮಾತು ಪೂರ್ತಿ ಮರಳಿತ್ತು, ಎಡಗೈ ಮಾತ್ರ ಬರಲಿಲ್ಲ. ರೊಟ್ಟಿ ಬಡಿಯಲು ಎರಡೂ ಕೈ ಬೇಕಲ್ಲ? ಕೈ ಹೋದದ್ದಕ್ಕಿಂತ ರೊಟ್ಟಿ ಹೋದದ್ದೇ ಅವರಿಗೆ ಹೆಚ್ಚು ನೋವಾಗಿರಬೇಕು. ಪಡಸಾಲೆಯ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಏನು ಕೇಳಿದರೂ "ಹೂಂ", ಇಲ್ಲವೇ "ಬ್ಯಾಡ". ಡಾಕ್ಟರು ನೋಡಿ, "ನಾಲಿಗಿ ಸರಿ ಐತ್ರಿ. ಮನಸ್ಸು ಹೊಳ್ಳಿ ಬರಬೇಕ್ರಿ" ಅಂದರು. ಮನಸ್ಸಿಗೆ ಯಾವ ಗುಳಿಗೆಯನ್ನೂ ಬರೆದುಕೊಡಲಿಲ್ಲ.

ಕಾಕಾ ತಮಗೆ ತಿಳಿದ ಔಷಧ ಶುರು ಮಾಡಿದರು. ಚಪ್ಪಲಿ ಮೆಟ್ಟಿಕೊಂಡು ದೇವರ ಕೋಣೆಯ ಹೊಸ್ತಿಲತನಕ ಹೋಗಿ ಬಂದರು. ಒಗೆದ ಪಂಚೆಯಿಂದ ಸೈಕಲ್ ಒರೆಸಿದರು. ಬ್ಯಾಂಡಿನವರು ಬಿಸಾಕಿದ ತೂತು ಬಿದ್ದ ಡೋಲೊಂದನ್ನು ತಂದು ಮಂಚದ ಪಕ್ಕದಲ್ಲೇ ಇಟ್ಟರು. ಕಾಕು ತಿರುಗಿ ನೋಡಲಿಲ್ಲ. ಆವತ್ತು ಸಂಜೆ ಕಾಕಾ ನನ್ನನ್ನು ಹೊರಗಿನ ಕಟ್ಟೆಗೆ ಕರೆದರು.

"ತಂಗಿ, ನಿಮ್ಮ ಕಾಕು ಬೈಯೂದು ಬಿಟ್ಟಾಳವಾ."

"ಆರಾಮ ಆಗ್ಲಿ ಕಾಕಾ, ಆಮ್ಯಾಲೆ ಬೈತಾರ."

"ಹಂಗಲ್ಲ. ಬೈದ್ರನ ಆರಾಮ ಆಗ್ತಾಳ."

ಹೆಂಡತಿಯ ಬಾಯಿಂದ ಬೈಸಿಕೊಳ್ಳಬೇಕೆಂದು ಇಷ್ಟು ಪರದಾಡಿದ ಗಂಡಸು ಹುಬ್ಬಳ್ಳಿ, ಧಾರವಾಡ ಎರಡೂ ಊರು ಸೇರಿಸಿ ಹುಡುಕಿದರೂ ಸಿಕ್ಕಾನೆ? ನನಗೆ ನಗು ಬಂತು. ಆದರೆ ಕಾಕಾ ನಗುತ್ತಿರಲಿಲ್ಲ.

ಅದೇ ಹೊತ್ತಿಗೆ ಧಾರವಾಡದ ಲಕಮನಹಳ್ಳಿ ಕಡೆಯಿಂದ ಒಂದು ಸುದ್ದಿ ಬಂತು. ಅಲ್ಲಿಯ ಕಾರ್ಖಾನೆಯೊಂದಕ್ಕೆ ಯಂತ್ರ ಜೋಡಿಸಲು ಬಂದ ಜಪಾನಿನ ಎಂಜಿನಿಯರೊಬ್ಬರು ಸಂಸಾರ ಸಮೇತ ಇದ್ದು ಹಿಂತಿರುಗಿದ್ದರು. ಅವರು ಬಿಟ್ಟುಹೋದ ಸಾಮಾನು ಮಾರಾಟಕ್ಕಿದೆಯಂತೆ. ಇಂಥ ಸುದ್ದಿ ಕಾಕಾನ ಕಿವಿಗೆ ಬೀಳದೆ ಇರುತ್ತದೆಯೇ? ಕಾಕುವಿಗೆ ಸೆಕೆ ಆಗುತ್ತದೆಂದು ಕೂಲರ್ ತರಲು ಹೋದವರು ತಗಡಿನ ಟ್ರಂಕೊಂದನ್ನು ಟೆಂಪೋದಲ್ಲಿ ಹೇರಿಕೊಂಡು ಬಂದರು. ತೆರೆದರೆ ಒಳಗೆ ಊಟದ ಡಬ್ಬಿಯಷ್ಟು ದೊಡ್ಡ ಒಂದು ಯಂತ್ರ, ವೈರಿನ ತುದಿಗೆ ಗುಂಡಿಗಳಿರುವ ರಿಮೋಟು, ಅಡಿಯಲ್ಲಿ ಬಣ್ಣಬಣ್ಣದ ಕ್ಯಾಸೆಟ್ಟುಗಳ ರಾಶಿ. ಪ್ರತಿಯೊಂದರ ಮೇಲೂ ಜಪಾನಿ ಅಕ್ಷರ.

"ವಿಡಿಯೋ ಗೇಮ್ ಕಾಕಾ ಇದು. ಟಿವಿಗೆ ಹಚ್ಚಿ ಆಡೂದು. ಬಾಳ ಹಳೇದೈತಿ" ಎಂದೆ. ಹಳೆಯದು ಎಂಬ ಮಾತಿಗೆ ಕಾಕಾನ ಮುಖ ಅರಳಿತು. ಮಂಚದ ಕಡೆ ತಿರುಗಿ ದೊಡ್ಡ ದನಿಯಲ್ಲಿ, "ಕೂಲರ್ ತರಾಕ ಹೋಗಿ ಹುಡುಗರ ಆಟಿಗಿ ಸಾಮಾನ ತಂದೇನಿ, ನೋಡು" ಎಂದರು. ತಮ್ಮ ಮೇಲೆ ತಾವೇ ಚಾಡಿ ಹೇಳಿಕೊಂಡು ಕಿವಿಗೊಟ್ಟು ನಿಂತರು. ಗೋಡೆಯ ಕಡೆಯಿಂದ ಉತ್ತರವಿಲ್ಲ.

ಆಯಿತು, ಆಡಿಯೇ ತೋರಿಸೋಣವೆಂದು ಕಾಕಾ ಅದರ ಅಡಾಪ್ಟರನ್ನು ನೇರ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರು. ಅಡಾಪ್ಟರ್ ಒಮ್ಮೆ ಗುಂಯ್ ಎಂದಿತು, ಆಮೇಲೆ ಧೂಪ ಹಾಕಿದಂತೆ ಹೊಗೆ ಬಿಟ್ಟಿತು. ಓಣಿಯ ತುದಿಯಲ್ಲಿ ಮೋಟಾರು ರಿಪೇರಿ ಮಾಡುವ ಮಿಸ್ತ್ರಿಯನ್ನು ಕರೆತಂದೆವು.

"ಸಾವ್ಕಾರ್ರ, ಇದು ಅವರ ದೇಶದ ಕರೆಂಟಿಗೆ ಮಾಡಿದ್ದರಿ. ನಮ್ಮ ಕರೆಂಟು ಅದರ ಎರಡು ಪಟ್ಟಿಗಿಂತ ಹೆಚ್ಚು ಐತಿ."

"ಹಂಗಾರ ಅದು ಎರಡು ಪಟ್ಟು ಜೋರ ಓಡಬೇಕಿತ್ತಲ್ಲೋ?"

"ನಿಮಗ ಎರಡು ಹೊಟ್ಟಿಯಷ್ಟು ಊಟ ಹಾಕಿದ್ರ ಎರಡು ಪಟ್ಟು ಓಡ್ತೀರೇನ್ರಿ?"

ಅದೇ ಹೊತ್ತಿಗೆ ಮಂಚದ ಮೇಲೆ ಏನೋ ಅಲುಗಿತು. ಕಾಕು ತಲೆ ಎತ್ತಿ, "ಏನ ಸುಟ್ಟೇತಿ?" ಎಂದು ಕೇಳಿ ಮತ್ತೆ ಗೋಡೆಗೆ ತಿರುಗಿದರು. ಅಷ್ಟಕ್ಕೇ ಕಾಕಾ ಮಿಸ್ತ್ರಿಗೆ ಚಹಾ ಕುಡಿಸಿ, ಫಳಾರ ಕೊಟ್ಟು, ಬಾಗಿಲತನಕ ಹೋಗಿ ಬೀಳ್ಕೊಟ್ಟರು. ಇನ್ನೊಂದು ಅಡಾಪ್ಟರನ್ನೂ ಸುಟ್ಟರೆ ಹೇಗೆ ಎಂದು ನನ್ನ ಕಿವಿಯಲ್ಲಿ ಕೇಳಿದರು ಕೂಡ!

ಮಿಸ್ತ್ರಿ ಬೇರೆ ಅಡಾಪ್ಟರ್ ಜೋಡಿಸಿಕೊಟ್ಟ. ಯಂತ್ರಕ್ಕೆ ಜೀವ ಬಂತು, ನಮ್ಮ ಟಿವಿಗೆ ಮಾತ್ರ ಜಪಾನಿ ಚಿತ್ರ ದಕ್ಕಲಿಲ್ಲ. ಕಪ್ಪು ಬಿಳಿ ಪಟ್ಟೆಗಳು ಮೇಲಿಂದ ಕೆಳಗೆ ಓಡುತ್ತಿದ್ದವು. ಕಾಕಾ ಅದನ್ನೇ ಆಟವೆಂದು ತಿಳಿದು ತುಂಬ ಹೊತ್ತು ಗುಂಡಿ ಒತ್ತಿದರು. ಎಲ್ಲ ದೇಶದ ಚಿತ್ರ ಹಿಡಿಯುವ ಟಿವಿ ಬೇಕು ಎಂದ ಮಿಸ್ತ್ರಿ. ಹಳೆಯ ಸಾಮಾನಿಗಾಗಿ ಇನ್ನೊಂದು ಹಳೆಯ ಸಾಮಾನು! ಕಾಕಾನಿಗೆ ಹಬ್ಬವಾಯಿತು. ಗಲ್ಫಿನಿಂದ ಬಂದವರೊಬ್ಬರು ಮಾರಿದ ಟಿವಿ ನಮ್ಮ ಪಡಸಾಲೆಗೆ ಬಂತು. ಗುಂಡಿ ಒತ್ತಿದೊಡನೆ ಪರದೆಯ ತುಂಬ ನೀಲಿ ನದಿ, ನದಿಯಲ್ಲಿ ಕಲ್ಲುಗಳು, ದಂಡೆಯಲ್ಲಿ ಟೊಪ್ಪಿಗೆ ಹಾಕಿಕೊಂಡು ನಿಂತ ಒಂದು ಬಾತುಕೋಳಿ. ಅದು ಕಲ್ಲಿನಿಂದ ಕಲ್ಲಿಗೆ ಜಿಗಿದು ಆಚೆ ದಡ ಸೇರಬೇಕು.

"ಬಾತುಕೋಳಿಗಿ ಈಜಾಕ ಬರೂದಿಲ್ಲೇನು?" ಎಂದು ಕಾಕಾ ಕೇಳಿದರು. ಈ ಪ್ರಶ್ನೆ ಆಟ ಮಾಡಿದವರಿಗೂ ಹೊಳೆದಿರಲಿಕ್ಕಿಲ್ಲ.

ಅದರ ಮೂರು ಜೀವದ ಲೆಕ್ಕವನ್ನು ಕಾಕಾನಿಗೆ ತಿಳಿಸಿ ಹೇಳುವುದರಲ್ಲಿ ನನ್ನದೇ ಜೀವ ಹೋಯಿತು. ಒಮ್ಮೆ ಮುಳುಗಿದರೆ ಮತ್ತೆ ಹುಟ್ಟುತ್ತದೆ, ಮತ್ತೆ ಮುಳುಗಿದರೆ ಮತ್ತೆ ಹುಟ್ಟುತ್ತದೆ. ನಮ್ಮದು ಶರಣರ ಮನೆ. ಮರುಜನ್ಮವಿಲ್ಲ ಎಂದು ನಂಬಿ, ಸತ್ತವರು ಲಿಂಗೈಕ್ಯರಾದರು ಎಂದು ಹೇಳುವವರು ನಾವು. ಇಲ್ಲಿ ನೋಡಿದರೆ ಒಂದು ಬಾತುಕೋಳಿಗೆ ಮೂರು ಮೂರು ಜನ್ಮ! "ಇರ್ಲಿ ಬಿಡು, ಅವರ ಧರ್ಮ ಬ್ಯಾರೆ" ಎಂದು ಕಾಕಾ ಉದಾರವಾಗಿ ಒಪ್ಪಿಕೊಂಡರು. ಆದರೂ ಅದು ಮುಳುಗಿದಾಗಲೆಲ್ಲ ಅವರ ಕೈ ತಾನಾಗಿ ಕೊರಳಿನ ಲಿಂಗಕ್ಕೆ ಹೋಗುತ್ತಿತ್ತು.

ಸೋಮವಾರ ಬಂತು. ಮನೆಗೆ ಯಂತ್ರ ಬಂದರೆ ಪೂಜೆ ಆಗಬೇಕಲ್ಲ? ಕಾಕಾ ಅದರ ನೆತ್ತಿಗೆ ವಿಭೂತಿ ಬಳಿದು, ಹೂವೇರಿಸಿ, ಕಾಯಿ ಒಡೆದರು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಈ ಪ್ಯಾರಾ ಬರೆಯುತ್ತಿರಲಿಲ್ಲ. ಮಾರನೆಯ ದಿನ ಯಂತ್ರ ಹಚ್ಚಿದರೆ ಪರದೆ ಬರೀ ಬೂದುಬಣ್ಣ. ಕ್ಯಾಸೆಟ್ಟು ಬದಲಿಸಿದರೂ ಅದೇ. ಬಾತುಕೋಳಿ ಇಲ್ಲ, ನದಿ ಇಲ್ಲ. ಮಿಸ್ತ್ರಿ ಬಂದು ಯಂತ್ರವನ್ನು ಬಿಚ್ಚಿ, ಎಲ್ಲ ಸರಿಯಿದೆಯಲ್ಲ ಎಂದು ತಲೆ ಕೆರೆದುಕೊಂಡ. ಆಗ ಮಂಚದಿಂದ ಸಣ್ಣ ದನಿ ಬಂತು.

"ಕಾಳಿಗೆ ಹಾಕಿದಂಗ ಬೂದಿ ಹಾಕಿ ಇಟ್ಟೀರಿ ಏನ್ರಿ ಅದನ್ನ?"

ಕಾಕಾ ತಬ್ಬಿಬ್ಬಾದರು. ಹೌದು! ಹೊರದೇಶದ ಮಾಲು, ಮಳೆಗಾಲ ಬೇರೆ ಬಂತು, ಹುಳ ಹತ್ತಬಾರದೆಂದು ಅವರು ಟ್ರಂಕಿನೊಳಗೆ ಬೇವಿನೆಲೆ ಹಾಸಿ, ಕ್ಯಾಸೆಟ್ಟುಗಳ ಬಾಯಿ ತುಂಬುವ ಹಾಗೆ ಒಲೆಯ ಬೂದಿ ಸುರಿದು, ಮೇಲೆ ಇನ್ನಷ್ಟು ಬೇವಿನೆಲೆ ಮುಚ್ಚಿದ್ದರು. ಹೆಸರುಕಾಳನ್ನು ವರ್ಷಗಟ್ಟಲೆ ಕಾಪಾಡಿದ ಉಪಾಯ ಅದು. ಜಪಾನಿನವರಿಗೆ ಇಂಥದ್ದೊಂದು ಉಪಚಾರ ಎಲ್ಲಿಂದ ಗೊತ್ತಿರಬೇಕು? ನಾನೂ ಮಿಸ್ತ್ರಿಯೂ ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಒಂದೊಂದೇ ಕ್ಯಾಸೆಟ್ಟಿನ ಬಾಯೊಳಗಿನ ತಾಮ್ರದ ಪಟ್ಟಿ ಉಜ್ಜುತ್ತ ಕೂತೆವು. ಕಾಕಾ ಮಾತ್ರ ನಮ್ಮ ಕಡೆ ನೋಡುತ್ತಲೇ ಇರಲಿಲ್ಲ. ಕಾಕು ಈಗ ಗೋಡೆಗೆ ಬೆನ್ನು ಮಾಡಿ, ಟಿವಿಯ ಕಡೆ ಮುಖ ಮಾಡಿ ಮಲಗಿದ್ದರು.

"ಬೈದಳೇನವಾ ಅದು?" ಎಂದು ಆಮೇಲೆ ನನ್ನನ್ನು ಕೇಳಿದರು.

"ಇಲ್ಲ ಕಾಕಾ, ಬರೀ ಕೇಳಿದ್ರು."

"ಕೇಳಿದಳು ಅಂದ್ರ ಅರ್ಧ ಬಂದಂಗ ಆತು" ಎಂದು ಸಮಾಧಾನ ಮಾಡಿಕೊಂಡರು.

ಆವತ್ತಿನಿಂದ ಕಾಕಾ ಅಂಗಡಿಯಿಂದ ಊಟಕ್ಕೆ ಬಂದವರು ಕೈ ತೊಳೆಯುವ ಮುಂಚೆ ಬಾತುಕೋಳಿಯನ್ನು ಹಿಡಿಯುತ್ತಿದ್ದರು. ಅದು ಜಿಗಿದರೆ ಇವರೂ ಜಿಗಿಯುತ್ತಿದ್ದರು. ಅದು ಎಡಕ್ಕೆ ವಾಲಿದರೆ ಇವರು ಎಡಕ್ಕೆ ವಾಲಿ ಒಂದು ಸಲ ದಂತವೈದ್ಯರ ಕುರ್ಚಿಯಿಂದಲೇ ಬಿದ್ದರು. ಯಂತ್ರ ಬಿಸಿಯಾದರೆ ಎತ್ತಿಗೆ ಕೊಡುವ ಹಾಗೆ ವಿಶ್ರಾಂತಿ ಕೊಟ್ಟು ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದರು. ಆದರೆ ಕಲಿತರು. ಶ್ರಾವಣ ಬರುವ ಹೊತ್ತಿಗೆ ಆ ನದಿ ದಾಟುವುದು ಅವರಿಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಕಾಕು ನೋಡುತ್ತಿದ್ದರು, ಅಷ್ಟೇ. ಬಾತುಕೋಳಿ ದಡ ಸೇರಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ನಾನು ಕಾಲೇಜಿನಿಂದ ಬಂದಾಗ ಕಾಕು ದಿಂಬಿಗೆ ಒರಗಿ ಕೂತಿದ್ದರು. ಅವರ ಎಡಕ್ಕೆ, ಮಂಚದ ಮೇಲೆಯೇ, ಕಾಕಾ. ರಿಮೋಟು ಇಬ್ಬರ ತೊಡೆಯ ಮೇಲೆ ಅಡ್ಡವಾಗಿತ್ತು. ಅದರ ಎಡಗಡೆ ನಡೆಸುವ ಗುಂಡಿ, ಬಲಗಡೆ ಜಿಗಿಸುವ ಗುಂಡಿ. ಎರಡು ಕೈ ಇಲ್ಲದೆ ಆಡಲಾಗದು.

"ಎಡಗಡೆ ನಾ ನೋಡ್ಕೋತೀನಿ, ಬಲಗಡೆ ನೀ ನೋಡ್ಕೊ" ಎನ್ನುತ್ತಿದ್ದರು ಕಾಕಾ.

"ನನಗ ಬ್ಯಾಡ್ರಿ. ಒಂದ ಕೈಲೆ ಏನ ಆಗ್ತೈತಿ?"

"ನಂದೊಂದು ತಗೋ ಅನ್ನಾಕತ್ತೇನಿ. ಬಳಸಿದ್ದೈತಿ ಖರೆ, ಆದ್ರ ಗಟ್ಟಿ ಐತಿ."

ಕಾಕು ಬಲಗೈಯ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟರು. ಬಾತುಕೋಳಿ ಮೊದಲ ಕಲ್ಲಿಗೆ ಜಿಗಿಯಿತು. ಎರಡನೆಯದಕ್ಕೂ ಜಿಗಿಯಿತು. ಮೂರನೆಯ ಕಲ್ಲಿಗೆ ಕಾಕು ಸರಿಯಾದ ಹೊತ್ತಿಗೇ ಜಿಗಿಸಿದರು, ಕಾಕಾ ಅರ್ಧಕ್ಕೇ ನಡೆಸುವುದನ್ನು ಬಿಟ್ಟರು. ಬಾತುಕೋಳಿ ಎರಡು ಕಲ್ಲುಗಳ ನಡುವೆ ನೀರಿಗೆ ಬಿತ್ತು.

"ಏನ್ರಿ, ಕಣ್ಣ ಎಲ್ಲಿ ಇಟ್ಟೀರಿ?" ಎಂದರು ಕಾಕು. "ನಾ ಜಿಗಸೇನಿ, ನೀವು ನಡಸಬೇಕೋ ಬ್ಯಾಡೋ? ಇಂಥಾದೊಂದು ಹಾಳಾದ್ದು ತಂದು ಮನ್ಯಾಗ ಹೇರೀರಿ, ಮಾರಿದಾಂವ ಭಾರಿ ಶಾಣ್ಯಾ ಇದ್ದ ಬಿಡ್ರಿ. ನಿಮ್ಮ ತಲ್ಯಾಗ ಏನ ತುಂಬೇತಿ? ನಿಮ್ಮ ಮನಿತಾನಕ್ಕ ಮನಿತಾನನ ಹಿಂಗ, ಬಾಗಲದಾಗ ನಿಂತಾಳ ನೋಡ್ರಿ ಈಕಿ, ಒಂದ ಚಪ್ಪಲ ಒಳಗ, ಒಂದ ಹೊರಗ."

ನಿಜ, ನಾನು ಹಾಗೆಯೇ ನಿಂತಿದ್ದೆ. ಕಾಕಾ ತಲೆದೂಗುತ್ತ ಕೇಳುತ್ತಿದ್ದರು. ಅವರ ಕಣ್ಣೀರು ಮೀಸೆಯತನಕ ಇಳಿದಿತ್ತು, ಒಂದು ಕೈ ಗುಂಡಿಯ ಮೇಲೆ, ಇನ್ನೊಂದು ರಿಮೋಟಿನ ಅಡಿಯಲ್ಲಿ, ಒರೆಸಿಕೊಳ್ಳಲು ಬಿಡುವಿರಲಿಲ್ಲ.

ಅವತ್ತಿನಿಂದ ದಿನವೂ ಊಟದ ಮುಂಚೆ ಇಬ್ಬರೂ ಆಡುತ್ತಿದ್ದರು, ದಿನವೂ ಬಾತುಕೋಳಿ ಆ ಮೂರನೆಯ ಕಲ್ಲಿನ ಹತ್ತಿರವೇ ಮುಳುಗುತ್ತಿತ್ತು. ನನಗೆ ತಡೆಯಲಾಗದೆ ಒಮ್ಮೆ ಕೇಳಿಯೇಬಿಟ್ಟೆ.

"ಕಾಕಾ, ನಿಮಗ ದಾಟಾಕ ಬರ್ತೈತಲ್ಲ?"

"ದಾಟಿದ್ರ ಆಕಿ ಏನಂತಾಳ? ಛಲೋ ಆತು ಅಂತಾಳ. ಅಷ್ಟು ಅನಿಸ್ಕೊಳ್ಳಾಕ ನಾ ಇಷ್ಟೆಲ್ಲಾ ಮಾಡಿದೆನೇನವಾ?"

ಈ ಗುಟ್ಟನ್ನು ನಾನು ಕಾಕುವಿಗೆ ಹೇಳಬಾರದೆಂದೇ ಇದ್ದೆ. ಒಂದು ದಿನ ಅಡುಗೆಮನೆಯಲ್ಲಿ ಅವರು ಮಣೆಯ ಮೇಲೆ ಕೂತು ನನಗೆ ರೊಟ್ಟಿ ಬಡಿಯಲು ಹೇಳಿಕೊಡುತ್ತಿದ್ದರು. ನನ್ನ ರೊಟ್ಟಿಯ ಅಂಚು ಹರಿದದ್ದಕ್ಕೆ ನನಗೂ ಸಾಕಷ್ಟು ಸಿಕ್ಕಿತ್ತು. ಆಚೆ ಕಾಕಾ ಟಿವಿ ಹಚ್ಚಿದ ಸದ್ದಾಯಿತು. ಕಾಕು ಗೋಡೆ ಹಿಡಿದು ಮೆಲ್ಲಗೆ ಎದ್ದರು.

"ನಿಮ್ಮ ಕಾಕಾ ಬೇಕಂತನ ಮುಳಗಸ್ತಾರವಾ. ನನಗ ಗೊತ್ತಾಗೂದಿಲ್ಲ ಅಂತ ತಿಳದಾರ," ಎಂದರು. "ಬೈಲಿಲ್ಲಂದ್ರ ಅವರಿಗೆ ರೊಟ್ಟಿ ಇಳಿಯೂದಿಲ್ಲ. ಅದಕ್ಕ ಬೈತೇನಿ."

ಹಾಗೆಂದು ಎಡಗೈಯನ್ನು ಬಲಗೈಯಿಂದ ಎತ್ತಿ ಸೆರಗಿನೊಳಗೆ ಸೇರಿಸಿಕೊಂಡು, ಇನ್ನೂ ಹೊಸ್ತಿಲು ದಾಟುವ ಮುಂಚೆಯೇ ಆವತ್ತಿನ ಬೈಗುಳ ಶುರು ಮಾಡಿದರು.