ಸರ್ವರಿನ ಹಳದಿ ದೀಪ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಹಿರಿಯೂರಿನ ಕೊಬ್ಬರಿ ವರ್ತಕರ ಸಂಘದ ಸರ್ವರಿನ ಹಸಿರು ದೀಪ ಹಳದಿಯಾಯಿತು. ಆಪರೇಟರ್ ದುರ್ಗೇಶ ಕುರ್ಚಿ ಬಿಟ್ಟೆದ್ದು ಅದರ ಮುಂದೆ ಬಂದು ನಿಂತ.

ಕಬ್ಬಿಣದ ಬೀರುವಿನೊಳಗೆ ಮಲಗಿದ್ದ ಆ ಚಪ್ಪಟೆ ಯಂತ್ರವನ್ನು ಆರು ವರ್ಷದಿಂದ ಕಾಯುತ್ತಿದ್ದವನು ಅವನೇ, ಅದೂ ಹಂಗಾಮಿಯಾಗಿ. ಮಧ್ಯಾಹ್ನ ಎರಡಕ್ಕೆ ದುರ್ಗದಲ್ಲಿದ್ದ ಸಂಘದ ಜಿಲ್ಲಾ ಕಚೇರಿಯಿಂದ ಎರ್ರಿಸ್ವಾಮಿ ಸಾಹೇಬರು ಯಂತ್ರ ನೋಡಲು ಬರುವವರಿದ್ದರು. ಅವರು ಮನಸ್ಸು ಮಾಡಿದರೆ ನೌಕರಿ ಖಾಯಂ. ಖಾಯಂ ಆದರೆ ಮಾತ್ರ ತನ್ನ ಮಗಳು ಸುಚಿತ್ರಾಳನ್ನು ಕೊಡುವುದಾಗಿ ಬಾಗೂರಿನ ಮೂರ್ತಪ್ಪ ಖಡಾಖಂಡಿತವಾಗಿ ಹೇಳಿದ್ದ.

ಹೆಡ್ ಕ್ಲರ್ಕ್ ಗೋವಿಂದಯ್ಯ ಕನ್ನಡಕದ ಮೇಲಿನಿಂದ ಇಣುಕಿದರು. “ದೀಪ ತಾನೆ? ಮ್ಯಾಲೊಂದು ಕ್ಯಾಲೆಂಡರ್ ತೂಗಾಕು. ಸಾಹೇಬ್ರಿಗೆ ಕಾಣಾದಿಲ್ಲ.”

“ಒಳಗೆ ಸುಟ್ಟೋದ್ರೆ ಸಾರ್?”

“ಸುಟ್ರೆ ಹೊಗೆ ಬರ್ತೈತಲ್ಲ, ಆವಾಗ ನೋಡಾಣ.”

ಅಷ್ಟು ಹೇಳಿದ್ದೇ ಸಾಕಾಯಿತು. ದುರ್ಗೇಶ ಐದು ನಿಮಿಷಕ್ಕೊಮ್ಮೆ ಗಾಳಿ ಮೂಸತೊಡಗಿದ. ಪಕ್ಕದ ಕೋಣೆಯ ಊದಿನಕಡ್ಡಿಯ ವಾಸನೆಗೆ ಎರಡು ಸಲ ಎದ್ದು ಓಡಿದ.

ಪರೋಪಕಾರಿ ಗೋವಿಂದಯ್ಯ ಸುಮ್ಮನೆ ಕೂರಲಿಲ್ಲ. ಎದುರಿನ ಪಂಪ್‌ಸೆಟ್ ರಿಪೇರಿ ಅಂಗಡಿಯ ಜುಂಜಯ್ಯನನ್ನು ಕರೆತಂದರು. ಜುಂಜಯ್ಯ ಯಂತ್ರಕ್ಕೆ ಕಿವಿಯಿಟ್ಟು ಕಣ್ಣು ಮುಚ್ಚಿದ.

“ಬೇರಿಂಗ್ ಹೋಗೈತೆ. ನಾಕು ತೊಟ್ಟು ಎಣ್ಣೆ ಬಿಟ್ರೆ ತೆಪ್ಪಗಾಗ್ತೈತೆ.”

“ಬ್ಯಾಡ ಜುಂಜಯ್ಯಣ್ಣ, ಇದು ಮೋಟ್ರಲ್ಲ.”

“ತಿರುಗಾದೆಲ್ಲಾ ಮೋಟ್ರೇ ಕಣಪ್ಪ,” ಎನ್ನುತ್ತ ಅವನು ಮುಚ್ಚಳ ಎತ್ತಿಯೇಬಿಟ್ಟ. ಮುಚ್ಚಳ ತೆರೆದಿದೆ ಎಂದು ಪರದೆಯ ಮೇಲೆ ಎರಡನೆಯ ಎಚ್ಚರಿಕೆ ಮೂಡಿತು. ಯಂತ್ರದೊಳಗಿನ ಫ್ಯಾನುಗಳು ಹುಚ್ಚು ಹಿಡಿದಂತೆ ಕಿರುಚಿದವು. ದುರ್ಗೇಶ ಎಣ್ಣೆ ಡಬ್ಬಿ ಕಿತ್ತುಕೊಂಡು ಎದೆಗವಚಿಕೊಂಡ. ಅವನ ಕಣ್ಣ ಮುಂದೆ ಸುಚಿತ್ರಾ ಬೇರೆ ಯಾರದೋ ಪಕ್ಕದಲ್ಲಿ ಹಸೆಮಣೆಯ ಮೇಲೆ ಕೂತಂತಾಯಿತು.

ಜುಂಜಯ್ಯನನ್ನು ಹೇಗೋ ಸಾಗಹಾಕಿ, ಮುಚ್ಚಳ ಕೂರಿಸಿ, ಯಂತ್ರ ಮಾರಿದ್ದ ಬೆಂಗಳೂರಿನ ಕಂಪನಿಗೆ ಫೋನು ಮಾಡಿದ. ಸ್ವಾತಿ ಎಂಬ ಹುಡುಗಿ ಪರದೆಯಲ್ಲಿರುವುದನ್ನು ಓದಿಸಿದಳು.

“ಶಾಖ ಜಾಸ್ತಿಯಾಗಿದೆ, ಅಷ್ಟೇ. ಮುಂದುಗಡೆ ಗಾಳಿ ಒಳಗೆ ಹೋಗೋ ಜಾಲರಿಗೆ ಏನಾದ್ರೂ ಅಡ್ಡ ಇದೆಯಾ ನೋಡಿ.”

ಬೆಳಗಿನಿಂದ ದೀಪವನ್ನೇ ನೋಡಿ ನೋಡಿ ಹೆದರಿದ್ದವನು ಅದರ ಕೆಳಗೆ ಒಂದು ಗೇಣು ಕಣ್ಣು ಹಾಯಿಸಿರಲಿಲ್ಲ. ಜಾಲರಿಗೆ ಒತ್ತಿಕೊಂಡು ಒದ್ದೆ ಬಟ್ಟೆಯ ದೊಡ್ಡ ಗಂಟೊಂದು ಕೂತಿತ್ತು. ಬಿಚ್ಚಿದರೆ ಐನೂರು ವೀಳ್ಯದೆಲೆ.

ಕಸ ಗುಡಿಸುವ ಹುಲಿಗೆಮ್ಮ ಬಾಗಿಲಲ್ಲಿ ನಿಂತು ಗೊಣಗಿದಳು. “ಯಾಕಪ್ಪ ತಗೀತೀಯಾ? ಹೆಡ್ ಕ್ಲರ್ಕು ಮನೆ ಶಾಸ್ತ್ರದ ಎಲೆ ಅವು. ಈ ಮಿಷನ್ನು ಏಸಿ ತಂಪನ್ನೆಲ್ಲ ಇಲ್ಲೇ ಎಳ್ಕಂತೈತೆ. ಇಲ್ಲಿಟ್ರೆ ಎರಡು ದಿನ ಬಾಡಲ್ಲ.”

ಬೈಯಲು ಪುರುಸೊತ್ತಿರಲಿಲ್ಲ. ಗಂಟನ್ನು ಆಚೆ ಇಟ್ಟು, ದೀಪದ ಮುಂದೆ ಕಾದ. ಎರಡಕ್ಕೆ ಹತ್ತು ನಿಮಿಷವಿರುವಾಗ ದೀಪ ಹಸಿರಾಯಿತು. ದುರ್ಗೇಶ ನೆಲದ ಮೇಲೆಯೇ ಕುಸಿದು ಕೂತು ಕಣ್ಣೊರೆಸಿಕೊಂಡ.

ಎರ್ರಿಸ್ವಾಮಿ ಸಾಹೇಬರು ಹೇಳಿದ ಹೊತ್ತಿಗೆ ಬಂದರು. ದೀಪ ನೋಡಿ ತಲೆದೂಗಿದರು.

“ಭೇಷ್. ಏನೂ ತೊಂದ್ರೆ ಇಲ್ಲ ತಾನೆ?”

“ಎಳ್ಳಷ್ಟೂ ಇಲ್ಲ ಸಾರ್.”

“ಹಂಗಂತ ಬರ್ದು ಸೈನ್ ಮಾಡ್ರಿ.”

ದುರ್ಗೇಶ ಹಿಗ್ಗಿನಿಂದ ಬರೆದು ರುಜು ಹಾಕಿದ. ಸಾಹೇಬರು ಕಾಗದ ಮಡಚಿ ಜೇಬಿಗಿಟ್ಟುಕೊಂಡು ಜೀಪಿನ ಡ್ರೈವರನನ್ನು ಕೂಗಿದರು. “ಬಾರಪ್ಪ, ಇದನ್ನ ಬಿಚ್ಚಿ ಗಾಡಿಗೆ ಹಾಕಾಣ.”

“ಎಲ್ಲಿಗೆ ಸಾರ್?”

“ದುರ್ಗಕ್ಕೆ. ಚೆನ್ನಾಗಿರಾ ಸರ್ವರ್‌ನೆಲ್ಲ ಅಲ್ಲೇ ಒಂದು ಕಡೆ ಇಡ್ಬೇಕು ಅಂತ ಆರ್ಡರ್ ಆಗೈತೆ.”

“ಮತ್ತೆ ನಾನು ಸಾರ್?”

“ಮಿಷನ್ನೇ ಇಲ್ದ ಮ್ಯಾಲೆ ಆಪರೇಟರ್ ಯಾಕ್ರಿ? ಬೆಳಿಗ್ಗೆ ಹೊಳಲ್ಕೆರೆ ಸಂಘಕ್ಕೆ ಹೋಗಿದ್ದೆ. ಅಲ್ಲಿನ ಸರ್ವರ್ರು ಹಳದಿ ದೀಪ ಹಾಕ್ಕಂಡು ಕುಂತೈತೆ. ದಾರಿಯಾಗೆ ಕೈ ಕೊಟ್ರೆ ಕಷ್ಟ ಅಂತ ಅಲ್ಲೇ ಬಿಟ್ಟೆ. ಅದನ್ನ ನೋಡ್ಕಳಾಕೆ ಅಲ್ಲಿನ ಪ್ರಸನ್ನಕುಮಾರನ್ನ ಖಾಯಂ ಮಾಡಿ ಬಂದೆ.”

ದುರ್ಗೇಶ ಯಂತ್ರಕ್ಕೆ ಅಡ್ಡ ಬಂದು ನಿಂತ. “ಸಾರ್, ಇದೂ ಬೆಳಿಗ್ಗೆಯೆಲ್ಲ ಹಳದೀನೇ ಇತ್ತು ಸಾರ್.”

“ಎಳ್ಳಷ್ಟೂ ತೊಂದ್ರೆ ಇಲ್ಲ ಅಂತ ನೀವೇ ಬರ್ಕೊಟ್ಟೀರಲ್ಲ,” ಎಂದು ಸಾಹೇಬರು ಜೇಬು ತಟ್ಟಿಕೊಂಡರು. “ಆ ತುದಿ ಹಿಡ್ಕಳ್ರಿ, ಭಾರ ಐತೆ.”

ದುರ್ಗೇಶ ಹಿಡಿದುಕೊಂಡ.